ಸಮುದ್ರ ಬರೆಯುವ ಹುಡುಗಿಗೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಬಾಸ್ಟನ್ನಿನ ಚಳಿ ನಿನಗೆ ಒಗ್ಗಿತೆಂದು ನಿಮ್ಮಮ್ಮ ಹೇಳಿದಳು, ನೆಮ್ಮದಿಯಾಯಿತು. ನೀನು ಕಳಿಸಿದ ಸಮುದ್ರದ ಚಿತ್ರಗಳನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಕೈ ಚೆನ್ನಾಗಿ ಪಳಗಿದೆ. ಆದರೆ "ಅಲೆ ಎದ್ದೇಳದಿದ್ದರೆ ಕಡಲಿನ ಚಿತ್ರ ಸಪ್ಪೆ ದೊಡ್ಡಪ್ಪ" ಎಂದು ಬರೆದಿದ್ದೀಯಲ್ಲ, ಆ ಮಾತು ಮನಸ್ಸಿನಲ್ಲೇ ಉಳಿಯಿತು. ಅದಕ್ಕೇ ಈ ಕಾಗದ.

ನೀನಿರುವಲ್ಲಿಂದ ರೈಲಿನಲ್ಲಿ ಗಂಟೆಯೊಂದರ ದಾರಿ ಗ್ಲಾಸ್ಟರ್, ಮೀನುಗಾರರ ಊರು. ಅಲೆಯೇಳದ ಕಡಲನ್ನು ಬರೆದ ಚಿತ್ರಕಾರ ಫಿಟ್ಜ್ ಹೆನ್ರಿ ಲೇನ್ ಹುಟ್ಟಿದ್ದು ಅಲ್ಲೇ, 1804ರಲ್ಲಿ. ಅಪ್ಪ ಹಡಗಿಗೆ ಹಾಯಿ ಹೊಲಿಯುತ್ತಿದ್ದರು. ಎಳವೆಯಲ್ಲೇ ಕಾಲುಗಳ ಸ್ವಾಧೀನ ತಪ್ಪಿ ಲೇನ್ ಬದುಕಿಡೀ ಊರುಗೋಲು ಹಿಡಿಯಬೇಕಾಯಿತು. ಊರಿನ ಹುಡುಗರು ಬಲೆ ಹೊತ್ತು ಕಡಲಿಗಿಳಿದರೆ ಇವನು ದಡದಲ್ಲಿ ಕೂತು ಕಣ್ತುಂಬ ನೋಡಿದ. ಮುಂದೆ ಬಾಸ್ಟನ್ನಿನ ಕಲ್ಲಚ್ಚಿನ ಅಂಗಡಿಯಲ್ಲಿ ಕೆಲಸ ಕಲಿತ. ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆಯುವ ಕೆಲಸವದು. ಒಮ್ಮೆ ಎಳೆದ ಗೆರೆಯನ್ನು ತಿದ್ದುವುದು ಕಷ್ಟ. ನೋಡಿ, ಯೋಚಿಸಿ, ಆಮೇಲೆ ಕೈಯಿಡುವ ಅಭ್ಯಾಸ ಅವನಿಗೆ ಅಲ್ಲೇ ಬಂದಿರಬೇಕು. ಅವನ ಹಡಗುಗಳನ್ನು ನೋಡು, ಯಾವ ಹಗ್ಗ ಎಲ್ಲಿಂದ ಹೊರಟು ಎಲ್ಲಿ ಬಿಗಿದಿದೆ ಎಂದು ಬೆರಳಿಟ್ಟು ತೋರಿಸಬಹುದು.

ಈಗ 'ಬ್ರೇಸಸ್ ರಾಕ್' ಎಂಬ ಚಿತ್ರಕ್ಕೆ ಬಾ. ಸುಮಾರು 1864ರದು, ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಎತ್ತರ ಒಂದಡಿಯೂ ಇಲ್ಲ. ಅವನೂರಿನದೇ ಒಂದು ಪುಟ್ಟ ದಡ, ಆಚೆ ಬಂಡೆ, ಅಲುಗದ ನೀರಿನಲ್ಲಿ ಬಂಡೆಯ ಬಿಂಬ, ಮೇಲೆ ತಿಳಿಯಾದ ಆಕಾಶ. ಒಬ್ಬ ಮನುಷ್ಯನೂ ಇಲ್ಲ. ಕುಂಚ ಆಡಿದ ಗುರುತು ಎಲ್ಲೂ ಎದ್ದು ಕಾಣುವುದಿಲ್ಲ, ಬೆಳಕು ತಾನಾಗಿ ಹರಡಿದಂತಿದೆ. ಇಂಥ ಚಿತ್ರಗಳ ಶೈಲಿಯನ್ನು ಎಷ್ಟೋ ಕಾಲದ ಮೇಲೆ ಕಲಾ ಇತಿಹಾಸಕಾರರು ಲ್ಯೂಮಿನಿಸಂ ಎಂದು ಕರೆದರು.

ದಡದ ಹತ್ತಿರ ಇನ್ನೊಂದಿದೆ ಪುಟ್ಟಿ, ಅದನ್ನು ನಿಧಾನವಾಗಿ ನೋಡು. ಒಡೆದುಹೋದ ದೋಣಿ. ಹಲಗೆಗಳು ಕಳಚಿ ಒಳಗಿನ ಅಡ್ಡಪಟ್ಟಿಗಳು ಪಕ್ಕೆಲುಬುಗಳ ಹಾಗೆ ಎದ್ದು ನಿಂತಿವೆ. ಅದು ಅಮೆರಿಕದ ಅಂತರ್ಯುದ್ಧದ ಕಾಲ. ಊರೋ, ಕಡಲಿಗೆ ಹೋದವರ ದಾರಿ ಕಾಯುವುದನ್ನು ಬಲ್ಲ ಊರು. ಲೇನ್‌ನ ಆಯಸ್ಸೂ ಮುಗಿಯುತ್ತಾ ಬಂದಿತ್ತು. 1865ರ ಆಗಸ್ಟಿನಲ್ಲಿ ತೀರಿಕೊಂಡ. ಅಷ್ಟಾದರೂ ಆ ದೋಣಿಯ ಸುತ್ತ ಅವನು ಬಿರುಗಾಳಿ ಬರೆಯಲಿಲ್ಲ. ದೋಣಿಯನ್ನು ಮರೆಮಾಡಲೂ ಇಲ್ಲ. ಬಂಡೆಯ ಮೇಲೆ ಬಿದ್ದ ಬೆಳಕೇ ಅದರ ಮೇಲೂ ಬಿದ್ದಿದೆ. ನನಗೆ ಆ ಚಿತ್ರದ ಶಾಂತಿ ನಂಬಿಕೆಗೆ ಅರ್ಹ ಅನಿಸುವುದು ಇದರಿಂದಲೇ. ದೋಣಿ ಇಲ್ಲದಿದ್ದರೆ ಅದು ಗೋಡೆಗೊಪ್ಪುವ ಚೆಂದದ ನೋಟವಷ್ಟೇ ಆಗಿರುತ್ತಿತ್ತು.

ನಿನ್ನ ಚಿತ್ರಗಳಲ್ಲಿ ಅಲೆಯಿದೆ, ಕೆಂಪು ಸೂರ್ಯನಿದ್ದಾನೆ, ಹಾರುವ ಹಕ್ಕಿಗಳಿವೆ. ಎಲ್ಲವೂ ಒಟ್ಟಿಗೆ ಮಾತಾಡುತ್ತಿವೆ, ಹಾಗಾಗಿ ಒಂದೂ ಕೇಳಿಸುವುದಿಲ್ಲ. ಬೇಡದ್ದನ್ನು ಬಿಡಲು ಧೈರ್ಯ ಬೇಕು ಮಗಳೇ. ಬಿಟ್ಟ ಮೇಲೆ ಉಳಿಯುವುದು ನಿಜವಾಗಿರಬೇಕು, ಅದಕ್ಕೆ ತಾಳ್ಮೆ ಬೇಕು. ಲೇನ್ ತನ್ನ ಗೆಳೆಯ ಜೋಸೆಫ್ ಸ್ಟೀವನ್ಸ್ ಜೊತೆ ದೋಣಿಯಲ್ಲಿ ಮೇನ್ ರಾಜ್ಯದ ತೀರಕ್ಕೆ ಹೋಗುತ್ತಿದ್ದ. ಕಾಗದಕ್ಕೆ ಕಾಗದ ಅಂಟಿಸಿ ಉದ್ದಕ್ಕೆ ದಡದ ಗೆರೆಯನ್ನು ಪೆನ್ಸಿಲಿನಲ್ಲಿ ಹಿಡಿಯುತ್ತಿದ್ದ. ಬಣ್ಣ ಹಚ್ಚುವುದೆಲ್ಲ ಮನೆಗೆ ಬಂದ ಮೇಲೆ.

ಈ ಭಾನುವಾರ ನಿಮ್ಮೂರಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ಗೆ ಹೋಗು. 1862ರಲ್ಲಿ ಲೇನ್ ಬರೆದ 'ಔಲ್ಸ್ ಹೆಡ್' ಚಿತ್ರ ಅಲ್ಲಿಯದು. ನಮಗೆ ಬೆನ್ನು ಹಾಕಿ ನಿಂತ ಒಬ್ಬ ಮನುಷ್ಯ, ಮುಂದೆ ನಿಶ್ಚಲ ನೀರು. ಆಮೇಲೊಂದು ದಿನ ಗ್ಲಾಸ್ಟರಿಗೆ ಹೋಗಿ ಕೇಪ್ ಆ್ಯನ್ ಮ್ಯೂಸಿಯಂನಲ್ಲಿ ಲೇನ್‌ನ ಪೆನ್ಸಿಲ್ ಹಾಳೆಗಳನ್ನು ನೋಡು. ಬಂದರಿನ ಪಕ್ಕ ಅವನು ಕಟ್ಟಿಸಿದ ಕಲ್ಲಿನ ಮನೆ ಈಗಲೂ ಇದೆ. ಬಣ್ಣದ ಪೆಟ್ಟಿಗೆ ಒಯ್ಯಬೇಡ, ಪೆನ್ಸಿಲ್ ಸಾಕು. ಒಂದೇ ಕಡೆ ಕೂತು ನೀರು ನೆಲ ಸೇರುವ ಗೆರೆಯೊಂದನ್ನೇ ಬರೆ. ಅದು ಸರಿಯಾಯಿತು ಅನಿಸಿದ ದಿನ ನನಗೆ ಕಳಿಸು, ಮುಂದಿನ ಮಾತು ಆಮೇಲೆ ಆಡೋಣ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಪ್ರೀತಿಯ
ದೊಡ್ಡಪ್ಪ