ಹಾರ್ಮೋನ್ ಚಿಕಿತ್ಸೆಯೂ ರಕ್ತದ ಹೆಪ್ಪುಗಟ್ಟುವಿಕೆಯೂ

ರಾಯದುರ್ಗ, ಮಡಕಶಿರಾ ಭಾಗದ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಪಠ್ಯದಲ್ಲಿ ‘ರಕ್ತ ಹೆಪ್ಪುಗಟ್ಟುವಿಕೆ’ ಎಂದು ಓದುತ್ತಾರೆ; ಆಸ್ಪತ್ರೆಯಲ್ಲಿ ಅದನ್ನೇ ತೆಲುಗಿನಲ್ಲಿ ‘ರಕ್ತಂ ಗಡ್ಡಕಟ್ಟಡಂ’ ಎಂದು ಕೇಳುತ್ತಾರೆ. ಕನ್ನಡದ ಕಿವಿಗೆ ‘ಗಡ್ಡೆ’ ಎಂದರೆ ದುರ್ಮಾಂಸದ ಗಂಟು. ತಾಯಿಯ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯೆಂಬ ಮಾತು ಅರ್ಬುದದ ಭಯವಾಗಿ ಮನೆಯನ್ನು ತಲುಪಬಹುದು. ಆದ್ದರಿಂದ ಈ ಪಾಠವನ್ನು ಪದದಿಂದಲೇ ಆರಂಭಿಸುವುದು ಯುಕ್ತ.

ಹಾಲಿಗೆ ಹೆಪ್ಪು ಹಾಕುವ ಉದಾಹರಣೆ ಮಕ್ಕಳಿಗೆ ಬೇಗ ಮನದಟ್ಟಾಗುತ್ತದೆ. ಆದರೆ ಹೋಲಿಕೆಯನ್ನು ಹೆಚ್ಚು ದೂರ ಎಳೆಯಬಾರದು. ಹಾಲನ್ನು ಮೊಸರಾಗಿಸುವುದು ಸೂಕ್ಷ್ಮಜೀವಿಗಳು. ರಕ್ತದಲ್ಲಿಯಾದರೋ, ಥ್ರಾಂಬಿನ್ ಎಂಬ ಕಿಣ್ವವು ಕರಗಿದ ಸ್ಥಿತಿಯಲ್ಲಿರುವ ಫೈಬ್ರಿನೋಜನ್ ಪ್ರೋಟೀನನ್ನು ಫೈಬ್ರಿನ್ ಎಳೆಗಳಾಗಿ ಮಾರ್ಪಡಿಸುತ್ತದೆ. ಆ ಬಲೆಯಲ್ಲಿ ರಕ್ತಕಣಗಳು ಸಿಕ್ಕಿಕೊಳ್ಳುತ್ತವೆ. ಗಾಯದಲ್ಲಿ ಇದು ಜೀವರಕ್ಷಕ. ಗಾಯವಿಲ್ಲದ ಅಭಿಧಮನಿಯಲ್ಲಿ ಅಪಾಯಕರ.

ಹೆಪ್ಪುಗಟ್ಟಿಸುವ ಅಂಶಗಳಲ್ಲಿ ಬಹುಪಾಲನ್ನು ತಯಾರಿಸುವುದು ಯಕೃತ್ತು. ಹಾರ್ಮೋನಿನ ಸಂಬಂಧ ಬರುವುದು ಇಲ್ಲಿಯೇ. ಮುಟ್ಟು ನಿಂತ ಬಳಿಕ ಮೈ ಬಿಸಿಯೇರುವುದು, ಬೆವರುವುದು ಮುಂತಾದ ತೊಂದರೆಗಳಿಗೆ ಕೊಡುವ ಈಸ್ಟ್ರೋಜನ್ ಮಾತ್ರೆಯನ್ನು ನುಂಗಿದಾಗ ಅದು ಕರುಳಿನಿಂದ ಮೊದಲು ಯಕೃತ್ತನ್ನೇ ಸೇರುತ್ತದೆ. ಅಲ್ಲಿ ಹೆಪ್ಪುಗಟ್ಟಿಸುವ ಕೆಲವು ಅಂಶಗಳ ಉತ್ಪತ್ತಿ ಹೆಚ್ಚಿ, ಅದನ್ನು ತಡೆಯುವ ಆಂಟಿಥ್ರಾಂಬಿನ್, ಪ್ರೋಟೀನ್-ಎಸ್‌ಗಳು ಕುಗ್ಗುತ್ತವೆ. ಚರ್ಮಕ್ಕೆ ಅಂಟಿಸುವ ಪಟ್ಟಿಯ ಹಾರ್ಮೋನು ನೇರವಾಗಿ ರಕ್ತವನ್ನು ಸೇರುವುದರಿಂದ ಈ ಪರಿಣಾಮ ಬಹಳ ಕಡಿಮೆ.

ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಅಧ್ಯಯನದಲ್ಲಿ 50ರಿಂದ 79 ವರ್ಷದ 16,608 ಮಹಿಳೆಯರಲ್ಲಿ ಈಸ್ಟ್ರೋಜನ್-ಪ್ರೊಜೆಸ್ಟಿನ್ ಜೋಡಿಮಾತ್ರೆಯನ್ನು ಪರೀಕ್ಷಿಸಲಾಯಿತು. 2002ರಲ್ಲಿ ಅದನ್ನು ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ ಪ್ರಕರಣಗಳು ವರ್ಷಕ್ಕೆ 10,000 ಮಹಿಳೆಯರಿಗೆ 34; ಹುಸಿಮಾತ್ರೆ ಪಡೆದವರಲ್ಲಿ 16. ‘ಇಮ್ಮಡಿ’ ಎಂದಷ್ಟೇ ಹೇಳಿದರೆ ದಿಗಿಲು ಹುಟ್ಟುತ್ತದೆ; ‘ಹತ್ತು ಸಾವಿರಕ್ಕೆ 18 ಹೆಚ್ಚು’ ಎಂದಾಗ ಅಪಾಯದ ಅಳತೆ ತಿಳಿಯುತ್ತದೆ. ಗಣಿತ ಬೋಧಕರಿಗೂ ಇದು ಒಳ್ಳೆಯ ಲೆಕ್ಕ.

ಹಬ್ಬ, ಜಾತ್ರೆ, ಮದುವೆಗಳ ಮುನ್ನ ಮುಟ್ಟನ್ನು ಮುಂದೂಡಲು ಔಷಧದಂಗಡಿಯಿಂದ ನೇರವಾಗಿ ತರುವ ನಾರೆಥಿಸ್ಟೆರಾನ್ ಮಾತ್ರೆಯ ಅಲ್ಪಾಂಶವೂ ದೇಹದಲ್ಲಿ ಈಸ್ಟ್ರೋಜನ್ ಆಗಿ ಮಾರ್ಪಡುತ್ತದೆ. ಹಿಂದೆ ಎಂದಾದರೂ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಒಂದೇ ಕಾಲು ಊದಿ ನೋಯುವುದು, ಹಠಾತ್ತಾಗಿ ಉಸಿರಾಟ ಕಷ್ಟವಾಗುವುದು ಇವು ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು.

ಪಾಠದ ಕೊನೆಗೆ ಹೆಪ್ಪುಗಟ್ಟುವಿಕೆ, ಯಕೃತ್ತು, ಅಭಿಧಮನಿ, ಊತ ಎಂಬ ಪದಗಳ ಎದುರು ಗಡ್ಡಕಟ್ಟಡಂ, ಕಾಲೇಯಂ, ಸಿರ, ವಾಪು ಎಂಬ ತೆಲುಗು ಪದಗಳನ್ನು ವಿದ್ಯಾರ್ಥಿಗಳಿಂದಲೇ ಬರೆಯಿಸಿ, ಮನೆಯಲ್ಲಿ ಓದಿ ಹೇಳುವಂತೆ ಸೂಚಿಸಬಹುದು.