ಕಪ್ಪು ಬೆಲ್ಟ್ ನೋಡಿ ಮಗಳನ್ನು ಸೇರಿಸಬಹುದೇ?

ಪ್ರಶ್ನೆ: ನಮ್ಮದು ಚಿಂತಾಮಣಿ ತಾಲ್ಲೂಕಿನ ಅಂಬಾಜಿದುರ್ಗ ಹೋಬಳಿ. ಹೊರಗಿನಿಂದ ಕರಾಟೆ ಮಾಸ್ಟರ್ ಒಬ್ಬರು ಬಂದು ಕ್ಲಾಸು ಶುರು ಮಾಡಿದ್ದಾರೆ. ಕಪ್ಪು ಬೆಲ್ಟ್ ಇದೆ, ಸರ್ಟಿಫಿಕೇಟುಗಳೂ ಬೇಕಾದಷ್ಟಿವೆ. ಏಳನೇ ಕ್ಲಾಸಿನ ಮಗಳನ್ನು ಕಳಿಸಬಹುದೇ?

ಉತ್ತರ: ಬೆಲ್ಟ್ ಒಂದನ್ನೇ ನೋಡಿ ಕಳಿಸಬೇಡಿ. ಕರಾಟೆಯಲ್ಲಿ ಶೋಟೋಕಾನ್, ಗೋಜು-ರ್ಯು, ಶಿಟೋ-ರ್ಯು ಎಂದು ಹಲವು ಶೈಲಿಗಳು. ಒಂದೊಂದು ಶೈಲಿಗೂ ಹಲವು ಸಂಘಗಳು. ಪ್ರತಿ ಸಂಘವೂ ತನ್ನದೇ ಬೆಲ್ಟ್ ಕೊಡುತ್ತದೆ. ದೇಶದ ಮಟ್ಟದಲ್ಲೂ ಗೊಂದಲ ಕಡಿಮೆ ಇರಲಿಲ್ಲ: ಭಾರತೀಯ ಕರಾಟೆ ಸಂಘದ ಮಾನ್ಯತೆಯನ್ನು ವಿಶ್ವ ಕರಾಟೆ ಫೆಡರೇಷನ್ 2020ರಲ್ಲಿ ತಡೆಹಿಡಿಯಿತು. ಹೀಗಿರುವಾಗ ಸರ್ಟಿಫಿಕೇಟಿನ ಮೇಲೆ ‘ಇಂಟರ್‌ನ್ಯಾಷನಲ್’ ಎಂದು ಅಚ್ಚಾಗಿದ್ದರೆ ಅದಕ್ಕೆ ಬೆಲೆ ಕಟ್ಟುವುದು ಕಷ್ಟ. ಟೇಕ್ವಾಂಡೋ ಆದರೆ ವಿಚಾರಿಸುವುದು ಸುಲಭ. ಅದರ ಕೇಂದ್ರ ಸಂಸ್ಥೆಯಾದ ಸೋಲ್ ನಗರದ ಕುಕ್ಕಿವಾನ್ ಕೊಡುವ ಪ್ರಮಾಣಪತ್ರಕ್ಕೆ ನಂಬರ್ ಇರುತ್ತದೆ, ಅದನ್ನು ಆ ಸಂಸ್ಥೆಯಲ್ಲೇ ತಾಳೆ ನೋಡಬಹುದು. ಕರಾಟೆಯವರನ್ನು ನೇರವಾಗಿ ಕೇಳಿ: ನಿಮ್ಮ ಗುರು ಯಾರು, ಎಲ್ಲಿ ಕಲಿತಿರಿ, ಬೆಲ್ಟ್ ಕೊಟ್ಟವರು ಯಾರು, ಯಾವ ವರ್ಷ? ಆಮೇಲೆ ಆ ಗುರುವಿಗೆ ಫೋನ್ ಮಾಡಿ. ನಿಜವಾಗಿ ಕಲಿತವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಕಾಗದಕ್ಕಿಂತ ಕಣ್ಣಾರೆ ಕಂಡದ್ದನ್ನು ನಂಬಿ. ನಮ್ಮ ಗರಡಿ ಮನೆಗಳಲ್ಲಿ ಉಸ್ತಾದರ ಕೈಚಳಕ ಊರವರ ಕಣ್ಣೆದುರಿಗೇ ಇರುತ್ತಿತ್ತು. ವಿಜಯದಶಮಿಯ ದಿನ ಮೈಸೂರು ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ಇಂದಿಗೂ ನೆರೆದವರೆದುರೇ ನಡೆಯುತ್ತದೆ, ಮೊದಲ ರಕ್ತ ಕಂಡ ಕೂಡಲೇ ನಿಲ್ಲುತ್ತದೆ. 1882ರಲ್ಲಿ ಜಪಾನಿನಲ್ಲಿ ಕೊಡೊಕಾನ್ ಜೂಡೋ ಶಾಲೆ ಕಟ್ಟಿದ ಜಿಗೊರೊ ಕಾನೊ ಕೂಡ ಎದುರಾಳಿ ನಿಜವಾಗಿ ಪ್ರತಿರೋಧಿಸುವ ಅಭ್ಯಾಸಕ್ಕೇ ಒತ್ತು ಕೊಟ್ಟರು. ನೀವು ನೋಡಬೇಕಾದದ್ದೂ ಅದನ್ನೇ. ಒಂದು ಕ್ಲಾಸು ಪೂರ್ತಿ ಕೂತು ನೋಡಿ. ಮಕ್ಕಳು ಗಾಳಿಗೆ ಗುದ್ದುವುದರಲ್ಲೇ ಹೊತ್ತು ಕಳೆಯುತ್ತದೆಯೇ? ಕೈ ಹಿಡಿದವನು ಬಿಡದೆ ಎಳೆದರೆ ಬಿಡಿಸಿಕೊಳ್ಳುವುದನ್ನು ಹೇಳಿಕೊಡುತ್ತಾರೆಯೇ? ಯಾರಿಗಾದರೂ ಪೆಟ್ಟಾದರೆ ಮಾಸ್ಟರ್ ಆಟ ನಿಲ್ಲಿಸುತ್ತಾರೋ, ಗದರಿ ಮುಂದುವರಿಸುತ್ತಾರೋ? ಒಂದೇ ತಿಂಗಳಲ್ಲಿ ಚಾಕು ಕಿತ್ತುಕೊಳ್ಳುವುದನ್ನು ಕಲಿಸುತ್ತೇನೆ ಎನ್ನುವವರ ಹತ್ತಿರ ಮಗಳನ್ನು ಬಿಡಬೇಡಿ. ಒಳ್ಳೆಯ ಮಾಸ್ಟರ್ ಮೊದಲು ಕೂಗಿಕೊಂಡು ಓಡುವುದನ್ನು ಹೇಳಿಕೊಡುತ್ತಾರೆ.

ಬೆಲ್ಟ್ ಪರೀಕ್ಷೆ, ಡ್ರೆಸ್ಸು, ಕ್ಯಾಂಪು ಎಲ್ಲ ಸೇರಿ ವರ್ಷಕ್ಕೆ ಎಷ್ಟಾಗುತ್ತದೆ ಎಂದು ಮೊದಲೇ ಕೇಳಿಕೊಳ್ಳಿ.

ಇದೆಲ್ಲಕ್ಕಿಂತ ದೊಡ್ಡದು ಮಗುವಿನ ಸುರಕ್ಷತೆ. ಈ ವಿದ್ಯೆ ಕಲಿಸುವಾಗ ಮೈ ಮುಟ್ಟಲೇಬೇಕಾಗುತ್ತದೆ. ಅದಕ್ಕೇ ಕ್ಲಾಸು ತೆರೆದ ಜಾಗದಲ್ಲಿ ನಡೆಯಬೇಕು, ತಾಯಂದಿರು ಯಾವಾಗ ಬೇಕಾದರೂ ಬಂದು ಕೂರುವಂತಿರಬೇಕು. ‘ಪೋಷಕರಿಗೆ ಪ್ರವೇಶವಿಲ್ಲ’ ಎಂದರೆ, ‘ಸ್ಪೆಷಲ್ ಕೋಚಿಂಗ್’ ಎಂದು ಒಬ್ಬಳನ್ನೇ ಕರೆದರೆ, ಎಷ್ಟೇ ದೊಡ್ಡ ಹೆಸರಿದ್ದರೂ ಅಲ್ಲಿಗೆ ನಿಲ್ಲಿಸಿಬಿಡಿ. ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098 ಇದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆ ಕ್ರೀಡಾ ತರಬೇತುದಾರರಿಗೂ ಅನ್ವಯಿಸುತ್ತದೆ.

ಮಗಳು ಸರ್ಕಾರಿ ಶಾಲೆಯಲ್ಲಿದ್ದರೆ ಅಲ್ಲೂ ವಿಚಾರಿಸಿ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಆರರಿಂದ ಹನ್ನೆರಡನೇ ತರಗತಿಯ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನ ಆತ್ಮರಕ್ಷಣಾ ತರಬೇತಿಗೆ ಅವಕಾಶವಿದೆ. ಎಲ್ಲಿಗೇ ಸೇರಿಸಿದರೂ ಆಗಾಗ ಮಗಳ ಪಕ್ಕ ಕೂತು, ಇವತ್ತು ಏನು ಕಲಿತೆ, ಯಾರ ಜೊತೆ ಅಭ್ಯಾಸ ಮಾಡಿದೆ ಎಂದು ಕೇಳಿ. ಹೋಗಲ್ಲ ಎಂದರೆ ಬಲವಂತ ಮಾಡುವ ಮೊದಲು ಯಾಕೆ ಎಂದು ತಿಳಿದುಕೊಳ್ಳಿ.