ಇ-ಮೇಲ್‌ನಲ್ಲಿ ಬಿಸಿಸಿ ಮತ್ತು ರಿಪ್ಲೈ ಆಲ್: ಸದಸ್ಯರು ಗಮನಿಸಬೇಕಾದ ಅಂಶಗಳು

ಬೆರಳಚ್ಚು ಯಂತ್ರದ ಕಾಲದಲ್ಲಿ ಪತ್ರದ ಪ್ರತಿ ತೆಗೆಯಲು ಹಾಳೆಗಳ ನಡುವೆ ಕಾರ್ಬನ್ ಕಾಗದವನ್ನು ಇಡಲಾಗುತ್ತಿತ್ತು. ‘ಸಿಸಿ’ ಎಂಬ ಹೆಸರು ಬಂದುದು ಅಲ್ಲಿಂದಲೇ. ಇ-ಮೇಲ್‌ನಲ್ಲಿ ‘ಟು’ ಮತ್ತು ‘ಸಿಸಿ’ ಸಾಲುಗಳಲ್ಲಿರುವ ವಿಳಾಸಗಳು ಪತ್ರ ಪಡೆದ ಎಲ್ಲರಿಗೂ ಕಾಣುತ್ತವೆ. ‘ಬಿಸಿಸಿ’ ಸಾಲಿನಲ್ಲಿರುವವರಿಗೂ ಪತ್ರ ತಲುಪುತ್ತದೆ. ಆದರೆ ಅವರ ವಿಳಾಸ ಇತರ ಸ್ವೀಕೃತಿದಾರರಿಗೆ ಕಾಣುವುದಿಲ್ಲ.

ಈ ಗೌಪ್ಯತೆಗೆ ಒಂದು ಮಿತಿಯಿದೆ. ಕೆರೆ ಒತ್ತುವರಿಯ ಕುರಿತು ಗ್ರಾಮಸ್ಥರೊಬ್ಬರು ದೂರು ನೀಡಿದ್ದಾರೆಂದು ಭಾವಿಸೋಣ. ಸ್ಥಳ ಪರಿಶೀಲನೆಯ ದಿನಾಂಕವನ್ನು ತಿಳಿಸುವ ಪತ್ರವನ್ನು ಒತ್ತುವರಿದಾರರಿಗೆ ‘ಟು’ ಸಾಲಿನಲ್ಲಿಯೂ ದೂರುದಾರರಿಗೆ ‘ಬಿಸಿಸಿ’ ಸಾಲಿನಲ್ಲಿಯೂ ಕಳುಹಿಸಲಾಗಿದೆ. ದೂರುದಾರರು ‘ರಿಪ್ಲೈ’ ಒತ್ತಿದರೆ ಅವರ ಉತ್ತರ ಪತ್ರ ಕಳುಹಿಸಿದವರಿಗೆ ಮಾತ್ರ ಹೋಗುತ್ತದೆ. ‘ರಿಪ್ಲೈ ಆಲ್’ ಒತ್ತಿದರೆ ಅದು ಒತ್ತುವರಿದಾರರಿಗೂ ತಲುಪಿ, ದೂರು ನೀಡಿದವರು ಯಾರೆಂಬುದು ಬಯಲಾಗುತ್ತದೆ. ಅದರ ಪರಿಣಾಮವನ್ನು ಊರಿನಲ್ಲಿ ಅನುಭವಿಸಬೇಕಾದವರು ದೂರುದಾರರೇ.

ಆದುದರಿಂದ ಸದಸ್ಯರು ಈ ಕೆಳಕಂಡಂತೆ ಕ್ರಮವಹಿಸುವುದು:

1. ದೂರುದಾರರ ಹೆಸರು ಗೌಪ್ಯವಾಗಿರಬೇಕಾದಲ್ಲಿ ಬಿಸಿಸಿ ಬಳಸದೆ, ಅವರಿಗೆ ಪ್ರತ್ಯೇಕ ಇ-ಮೇಲ್ ಕಳುಹಿಸುವುದು.

2. ಬಂದ ಪತ್ರದ ಟು, ಸಿಸಿ ಸಾಲುಗಳಲ್ಲಿ ತಮ್ಮ ವಿಳಾಸ ಕಾಣದಿದ್ದರೆ ಅದು ಬಿಸಿಸಿ ಮೂಲಕ ಬಂದಿರಬಹುದು. ಅಂತಹ ಪತ್ರಕ್ಕೆ ‘ರಿಪ್ಲೈ ಆಲ್’ ಒತ್ತದಿರುವುದು.

3. ಪತ್ರವನ್ನು ಫಾರ್ವರ್ಡ್ ಮಾಡುವ ಮುನ್ನ, ಕೆಳಭಾಗದಲ್ಲಿ ಉಳಿದಿರುವ ಹಳೆಯ ಪತ್ರಗಳಲ್ಲಿ ದೂರುದಾರರ ಹೆಸರು ಅಥವಾ ದೂರವಾಣಿ ಸಂಖ್ಯೆ ಇದ್ದಲ್ಲಿ ಅಳಿಸುವುದು.

4. ಗ್ರಾಮಸಭೆಯ ಸೂಚನೆಯಂತಹ ಪತ್ರವನ್ನು ಅನೇಕ ಗ್ರಾಮಸ್ಥರಿಗೆ ಕಳುಹಿಸುವಾಗ ಎಲ್ಲರ ವಿಳಾಸವನ್ನೂ ಬಿಸಿಸಿ ಸಾಲಿನಲ್ಲಿಯೇ ನಮೂದಿಸುವುದು. ಒಬ್ಬರ ವಿಳಾಸ ಮತ್ತೊಬ್ಬರಿಗೆ ತಿಳಿಯದಂತೆ ಕಾಪಾಡಲು ಈ ಸಾಲು ಸೂಕ್ತವಾಗಿದೆ.